ಶೀಟಿನ ಮನೆಯ ಸೆಕೆಗೆ ಮದ್ದು ಹುಡುಕುವ ಮುನ್ನ

ಮಾರ್ಚ್ ಬಂತೆಂದರೆ ಶೀಟಿನ ಮನೆಯವರಿಗೆ ಮಧ್ಯಾಹ್ನ ಒಳಗೆ ಕೂರುವುದು ಕಷ್ಟ. ಫ್ಯಾನು ಹಾಕಿದರೆ ಬಿಸಿಗಾಳಿಯೇ ಮುಖಕ್ಕೆ ಹೊಡೆಯುತ್ತದೆ. ಮಳೆಗಾಲ ಹಿಡಿದ ಮೇಲೆ ತೊಂದರೆ ಬೇರೆ. ಗುಡ್ಡದ ಮೇಲೆ ಬಿದ್ದ ನೀರು ಇಳಿಜಾರು ಹಿಡಿದು ಕೆಳಗಿನ ಬೀದಿಗೆ ನುಗ್ಗುತ್ತದೆ. ಹವಾಮಾನ ಬದಲಾವಣೆಯ ಮಾತು ಟಿ.ವಿ.ಯಲ್ಲಿ ದೂರದ್ದೆನಿಸಬಹುದು. ಶಿವಮೊಗ್ಗದ ರಾಗಿಗುಡ್ಡದಂಥ ಏರು-ತಗ್ಗಿನ ಬಡಾವಣೆಯಲ್ಲಿ ಅದು ಹೀಗೆ ಮನೆಯೊಳಗೇ ಬಂದು ಕೂರುತ್ತದೆ.

ಏನು ಮಾಡಬೇಕು ಎಂದು ಕೇಳಿದರೆ ಉತ್ತರ ಕೊಡುವವರಿಗೆ ಕೊರತೆಯಿಲ್ಲ. ಗಿಡ ನೆಡಿ, ಸೋಲಾರ್ ಹಾಕಿಸಿ, ಚಾವಣಿಗೆ ಬಿಳಿ ಬಳಿಯಿರಿ. ಎಲ್ಲವೂ ಒಳ್ಳೆಯದೇ. ಆದರೆ ನಿಮ್ಮ ಬೀದಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆ, ಯಾವುದನ್ನು ಎರಡನೇ ವರ್ಷವೂ ಉಳಿಸಿಕೊಳ್ಳುತ್ತೀರಿ ಎಂಬುದನ್ನು ಹೊರಗಿನವರು ಕೂತಲ್ಲಿಂದ ಹೇಳಲಾರರು. ಅದನ್ನು ಕಂಡುಕೊಳ್ಳಲು ಒಂದು ಕ್ರಮವಿದೆ. ಹ್ಯೂಮನ್ ಸೆಂಟರ್ಡ್ ಡಿಸೈನ್ ಎಂದು ಅದರ ಹೆಸರು. ಜನರನ್ನು ನಡುವೆ ಇಟ್ಟುಕೊಂಡು ಮಾಡುವ ವಿನ್ಯಾಸ ಎಂದರ್ಥ. ಜನಕೇಂದ್ರಿತ ವಿನ್ಯಾಸ ಎನ್ನೋಣ.

ವಿನ್ಯಾಸ ಎಂದರೆ ಇಲ್ಲಿ ಚಿತ್ರ ಬಿಡಿಸುವುದಲ್ಲ. ತೊಂದರೆ ಯಾರಿಗಿದೆಯೋ ಅವರ ಬಳಿ ಹೋಗಿ ಮೊದಲು ಕೇಳುವುದು. ಕೇಳಿದ್ದರಿಂದ ತೊಂದರೆಯನ್ನು ಸರಿಯಾಗಿ ಗುರುತಿಸುವುದು. ಅವರೊಂದಿಗೇ ಕೂತು ಹಲವು ಉಪಾಯ ಯೋಚಿಸುವುದು. ಒಂದೆರಡನ್ನು ಸಣ್ಣದಾಗಿ ಮಾಡಿ ನೋಡುವುದು. ಸರಿಬರದಿದ್ದರೆ ತಿದ್ದುವುದು. ಹಣ ಸುರಿಯುವುದು ಇಷ್ಟೆಲ್ಲ ಆದ ಮೇಲೆ. ಅಮೆರಿಕದ ಐಡಿಯೋ ಡಾಟ್ ಆರ್ಗ್ ಎಂಬ ಸಂಸ್ಥೆ 2015ರಲ್ಲಿ ಇದಕ್ಕೊಂದು ಕೈಪಿಡಿ ಹೊರತಂದಿತು. ಈ ಹೆಸರು ಇಲ್ಲಿ ಬಳಕೆಗೆ ಬರುವ ಎಷ್ಟೋ ಮೊದಲೇ ನಮ್ಮ ರಾಜ್ಯದ ಒಂದು ಹಳ್ಳಿ ಇದೇ ಪಾಠವನ್ನು ವಿಜ್ಞಾನಿಗಳಿಗೆ ಕಲಿಸಿತ್ತು. ಆ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಸಣ್ಣ ಹಳ್ಳಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದು, 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಎಂಬ ಘಟಕ ಆರಂಭಿಸಿತು. ಅದರ ಹಿಂದಿದ್ದವರು ಪ್ರೊ. ಎ.ಕೆ.ಎನ್. ರೆಡ್ಡಿ. ಅಸ್ತ್ರದವರು ಎಪ್ಪತ್ತರ ದಶಕದಲ್ಲಿ ಪುರದ ಮನೆಮನೆಗೆ ಹೋಗಿ ಲೆಕ್ಕ ಹಾಕಿದರು. ಯಾರು ಎಷ್ಟು ಸೌದೆ ತರುತ್ತಾರೆ, ಎಷ್ಟು ಹೊತ್ತು ನಡೆಯುತ್ತಾರೆ, ನೀರಿಗೆ ಎಷ್ಟು ಹೊತ್ತು ಹೋಗುತ್ತದೆ, ಎಲ್ಲವನ್ನೂ ಬರೆದುಕೊಂಡರು. ಹಳ್ಳಿಯಲ್ಲಿ ಬಳಕೆಯಾಗುವ ಶಕ್ತಿಯ ಬಹುಪಾಲು ಸೌದೆ, ಅದರಲ್ಲೂ ಅಡುಗೆಯ ಸೌದೆ ಎಂದು ಕಂಡಿತು. ಹಾಗಾದರೆ ಸಗಣಿಯಿಂದ ಗೋಬರ್ ಗ್ಯಾಸ್ ಮಾಡಿ ಅಡುಗೆಗೆ ಕೊಡೋಣ ಎಂದು ತೀರ್ಮಾನಿಸಿದರು. ಕಾಗದದ ಮೇಲೆ ಇದು ಸರಿಯಾದ ತೀರ್ಮಾನವೇ.

ಊರಿಗೆಲ್ಲ ಒಂದೇ ಸ್ಥಾವರ ಕಟ್ಟಿದರು. ಅದು ನಡೆಯಲಿಲ್ಲ. ಊರಿನ ಸಗಣಿಯಿಂದ ಬರುವ ಗ್ಯಾಸು ಎಲ್ಲ ಮನೆಗಳ ಅಡುಗೆಗೆ ಸಾಲಲಿಲ್ಲ. ಅರ್ಧ ಅಡುಗೆ ಗ್ಯಾಸಿನಲ್ಲಿ, ಅರ್ಧ ಸೌದೆಯಲ್ಲಿ ಮಾಡುವುದಾದರೆ ಸೌದೆಗೆ ಹೋಗುವುದು ತಪ್ಪಿದಂತಾಗಲಿಲ್ಲ. ಸಗಣಿ ತಂದು ಸುರಿಯುವ ಉತ್ಸಾಹವೂ ಇಳಿಯಿತು.

ಆಮೇಲೆ ಊರವರ ಮಾತು ಕೇಳಿದಾಗ ಗೊತ್ತಾಯಿತು, ಅವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದು ಕುಡಿಯುವ ನೀರು. ಹೆಂಗಸರು ನೀರನ್ನು ದೂರದಿಂದ ಹೊತ್ತು ತರುತ್ತಿದ್ದರು. ಆಗ ಯೋಜನೆಯ ದಿಕ್ಕು ಬದಲಾಯಿತು. ಅದೇ ಸಗಣಿ, ಅದೇ ಗ್ಯಾಸು. ಆದರೆ ಅದನ್ನು ಒಲೆಗೆ ಕೊಡುವ ಬದಲು ಡೀಸೆಲ್ ಎಂಜಿನ್ನಿಗೆ ಕೊಟ್ಟು ವಿದ್ಯುತ್ ಮಾಡಿದರು. ಆ ವಿದ್ಯುತ್ತಿನಿಂದ ಕೊಳವೆಬಾವಿಯ ನೀರೆತ್ತಿ ಊರಿನೊಳಗೆ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಇದು 1987ರಲ್ಲಿ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಸಗಣಿ ತಂದವರಿಗೆ ತೂಕದ ಮೇಲೆ ಕಾಸು ಸಿಗುತ್ತಿತ್ತು, ಗ್ಯಾಸು ತೆಗೆದ ಬಗ್ಗಡ ಗೊಬ್ಬರವಾಗಿ ಮನೆಗೆ ವಾಪಸು ಹೋಗುತ್ತಿತ್ತು. ಸ್ಥಾವರ ನೋಡಿಕೊಂಡವರು ಊರಿನ ಹುಡುಗರೇ.

ಮೊದಲ ಸಲ ವಿಜ್ಞಾನಿಗಳು ಅಳೆದದ್ದರಲ್ಲಿ ತಪ್ಪಿರಲಿಲ್ಲ ಎಂಬುದನ್ನು ಗಮನಿಸಿ. ಸೌದೆ ನಿಜಕ್ಕೂ ಹೆಚ್ಚು ಉರಿಯುತ್ತಿತ್ತು. ಆದರೆ ಲೆಕ್ಕದಲ್ಲಿ ದೊಡ್ಡದಾಗಿ ಕಾಣುವುದು ಒಂದು, ಜನರ ಮನಸ್ಸಿನಲ್ಲಿ ಮೊದಲು ನಿಲ್ಲುವುದು ಇನ್ನೊಂದು. ಎರಡನ್ನೂ ಕೇಳಿಸಿಕೊಂಡ ಮೇಲಷ್ಟೇ ಕೆಲಸ ನೆಲೆ ನಿಂತಿತು. ರಾಗಿಗುಡ್ಡದಲ್ಲೋ ಭದ್ರಾವತಿಯ ಹಳೆಯ ಕಾರ್ಮಿಕರ ಬಡಾವಣೆಯಲ್ಲೋ ಯಾರಾದರೂ ಯೋಜನೆ ಹಿಡಿದುಕೊಂಡು ಬಂದರೆ, ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ‘ನಮ್ಮನ್ನು ಯಾವಾಗ ಕೇಳಿದಿರಿ?’

ಇನ್ನೊಂದು ಉದಾಹರಣೆ ಹಣಕಾಸಿಗೆ ಸಂಬಂಧಪಟ್ಟದ್ದು. ಸೆಲ್ಕೋ ಹೆಸರು ಮಲೆನಾಡು, ಕರಾವಳಿಯವರಿಗೆ ಹೊಸದಲ್ಲ. ಹರೀಶ್ ಹಂದೆ ಜೊತೆಗಾರರೊಂದಿಗೆ 1995ರಲ್ಲಿ ಆರಂಭಿಸಿದ ಸೋಲಾರ್ ಕಂಪನಿ ಅದು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೀದಿಬದಿ ವ್ಯಾಪಾರ ಮಾಡುವ ಹೆಂಗಸೊಬ್ಬರಿಂದ ಕಲಿತ ಪಾಠವನ್ನು ಅವರು ಹಲವು ಭಾಷಣಗಳಲ್ಲಿ ಹೇಳಿದ್ದಾರೆ. ತಿಂಗಳಿಗೆ 300 ರೂಪಾಯಿ ಕಟ್ಟುವುದು ಆಕೆಗೆ ಆಗದ ಮಾತು, ದಿನಕ್ಕೆ 10 ರೂಪಾಯಿ ಆಗುವ ಮಾತು. ಮೊತ್ತ ಎರಡೂ ಒಂದೇ. ಆದರೆ ದಿನಗೂಲಿಯವರ ಕೈಗೆ ದುಡ್ಡು ದಿನದಿನ ಬರುತ್ತದೆ, ದಿನದಿನ ಖರ್ಚಾಗುತ್ತದೆ. ಕಂತನ್ನು ದುಡಿಮೆಯ ತಾಳಕ್ಕೆ ಹೊಂದಿಸುವುದೂ ವಿನ್ಯಾಸವೇ. ನಿಮ್ಮ ಬೀದಿಯಲ್ಲಿ ಚೀಟಿ ಹಾಕುವಾಗ, ಸಂಘದಲ್ಲಿ ಸಾಲ ಕೊಡುವಾಗ ಇದು ನಿಮಗೆ ಗೊತ್ತಿರುವ ಸಂಗತಿ. ಹವಾಮಾನದ ಕೆಲಸಕ್ಕೂ ಅದನ್ನೇ ತನ್ನಿ.

ನಮ್ಮ ಬೀದಿಯಲ್ಲಿ ಮಾಡುವುದು ಹೇಗೆ?

ಸೆಕೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹತ್ತು-ಹನ್ನೆರಡು ಮನೆಯ ಒಂದು ಸಾಲು ಸಾಕು. ಇಡೀ ಬಡಾವಣೆಗೆ ಒಮ್ಮೆಗೇ ಕೈ ಹಾಕಬೇಡಿ.

ಮೊದಲ ಕೆಲಸ ಕೇಳುವುದು. ಮೂರು-ನಾಲ್ಕು ಜನ ಸೇರಿ. ಅವರಲ್ಲಿ ಅರ್ಧದಷ್ಟಾದರೂ ಹೆಂಗಸರಿರಲಿ, ಯಾಕೆಂದರೆ ಮಧ್ಯಾಹ್ನ ಮನೆಯಲ್ಲಿ ಸಿಗುವವರು ಹೆಚ್ಚಾಗಿ ಅವರೇ, ಅವರು ಗಂಡಸರ ಮುಂದೆ ಎಲ್ಲವನ್ನೂ ಹೇಳುವುದಿಲ್ಲ. ಉರ್ದು, ತಮಿಳು, ಲಂಬಾಣಿ ಆಡುವ ಮನೆಗಳಿದ್ದರೆ ಆ ಮಾತು ಬಲ್ಲವರು ಜೊತೆಗಿರಲಿ. ‘ಸೆಕೆ ಆಗುತ್ತಾ?’ ಎಂದು ಕೇಳಬೇಡಿ. ಎಲ್ಲರೂ ಹೌದು ಅಂತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಹೀಗೆ ಕೇಳಿ: ‘ಅಕ್ಕಾ, ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿ ಕೂತಿದ್ರಿ? ಮಗೂನ ಎಲ್ಲಿ ಮಲಗಿಸಿದ್ರಿ? ಅಜ್ಜಿ ರಾತ್ರಿ ಒಳಗೆ ಮಲಗ್ತಾರಾ, ಹೊರಗಾ?’ ನಡೆದದ್ದನ್ನು ಕೇಳಿದರೆ ನಿಜವಾದ ಉತ್ತರ ಬರುತ್ತದೆ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು, ಬಾಣಂತಿಯರು, ಹೊಲಿಗೆ ಮೆಷಿನ್ ಹಾಕಿಕೊಂಡು ಮನೆಯಲ್ಲೇ ದುಡಿಯುವವರು, ಹಾಸಿಗೆ ಹಿಡಿದವರು, ಇವರನ್ನು ಬಿಡಬೇಡಿ. ಸಭೆ ಕರೆದರೆ ಬಾರದವರೇ ಇವರು.

ಕಿವಿಯಂತೆ ಕಣ್ಣೂ ಬೇಕು. ಒಲೆ ಎಲ್ಲಿದೆ, ಕಿಟಕಿ ತೆರೆಯುತ್ತದೆಯೋ ಭದ್ರತೆಗೆ ಮುಚ್ಚಿಯೇ ಇರುತ್ತದೆಯೋ, ಚಾವಣಿಯ ಮೇಲೆ ಏನಿದೆ. ಗಾಳಿಗೆ ಹಾರದಿರಲೆಂದು ಇಟ್ಟ ಕಲ್ಲು, ಹಳೆ ಟೈರು, ಒಣಹಾಕಿದ ಮೆಣಸಿನಕಾಯಿ, ಹಪ್ಪಳ, ಸೌದೆ. ಚಾವಣಿ ಬಳಕೆಯ ಜಾಗವಾಗಿದ್ದರೆ ಅಲ್ಲಿ ಬಳಿದ ಬಣ್ಣ ಉಳಿಯುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ತಗಡು, ಸಿಮೆಂಟ್ ಶೀಟುಗಳು ತೆಳು. ಬಿಸಿಲು ಏರಿದ ಕೂಡಲೇ ಕಾಯುತ್ತವೆ, ಸೂರ್ಯ ಮುಳುಗಿದ ಮೇಲೆ ಬೇಗ ಆರುತ್ತವೆ. ಆರ್.ಸಿ.ಸಿ. ತಾರಸಿ ದಪ್ಪ. ಅದು ಹಗಲೆಲ್ಲ ಬಿಸಿ ಕುಡಿದು ರಾತ್ರಿ ಒಳಗೆ ಬಿಡುತ್ತದೆ. ಹಾಗಾಗಿ ಶೀಟಿನ ಮನೆಯವರ ಕಷ್ಟ ಮಧ್ಯಾಹ್ನದ್ದು, ತಾರಸಿ ಮನೆಯವರದ್ದು ರಾತ್ರಿಯದ್ದು. ಒಂದೇ ಬೀದಿಯ ಎರಡು ಮನೆಗೆ ಮದ್ದು ಬೇರೆ ಬೇರೆ ಆಗಬಹುದು.

ಕೇಳಿ ಬಂದ ಮೇಲೆ ತೊಂದರೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ‘ಮನೆಗಳು ಬಿಸಿ’ ಎಂದು ಬರೆದರೆ ಅದಕ್ಕೆ ಉತ್ತರವಿಲ್ಲ. ‘ಬಾಣಂತಿ, ಮಗು ಹಗಲು ಹನ್ನೆರಡರಿಂದ ನಾಲ್ಕರವರೆಗೆ ಮಲಗಲು ತಂಪಾದ ಒಂದು ಮೂಲೆ ಬೇಕು’ ಎಂದು ಬರೆದರೆ ಇಂದೇ ಕೆಲಸ ಶುರು ಮಾಡಬಹುದು.

ಮುಂದೆ ಉಪಾಯಗಳು. ಎಲ್ಲರೂ ಹೇಳಲಿ, ಯಾವುದನ್ನೂ ಆಗಲೇ ತಳ್ಳಿಹಾಕಬೇಡಿ. ಬಿಳಿ ಲೇಪನ ಒಂದು: ಕಪ್ಪಾದ, ತುಕ್ಕು ಹಿಡಿದ ಶೀಟು ಬಿಸಿಲನ್ನು ಹೀರುತ್ತದೆ, ಬಿಳಿಯದು ಬಹುಪಾಲನ್ನು ವಾಪಸು ಕಳಿಸುತ್ತದೆ. ಅಡಿಕೆ ಸೋಗೆಯ ಹೊದಿಕೆ ಇನ್ನೊಂದು. ಮಲೆನಾಡಿನವರಿಗೆ ಸೋಗೆ ಚಪ್ಪರದ ತಂಪು ಗೊತ್ತೇ ಇದೆ. ಅಂಗಳವಿದ್ದರೆ ಬಸಳೆ, ಹೀರೆ ಹಬ್ಬಿಸಿದ ಚಪ್ಪರ. ಬಿಸಿಗಾಳಿ ಮೇಲಿನಿಂದ ಹೊರಹೋಗಲು ಗೋಡೆ ಮತ್ತು ಶೀಟಿನ ನಡುವೆ ಕಿಂಡಿ. ಶೀಟಿನ ಕೆಳಗೆ ಬಿದಿರು ತಟ್ಟಿಯ ಒಳಚಾವಣಿ. ಥರ್ಮೋಕೋಲ್ ಹಾಳೆ ಬಡಿಯುವ ರೂಢಿಯೂ ಇದೆ. ಅಡುಗೆ ಒಲೆಯ ಬಳಿ ಅದು ಬೇಡ, ಬೆಂಕಿ ತಗುಲಿದರೆ ವಿಷದ ಹೊಗೆ ಬರುತ್ತದೆ. ಸೋಗೆಗೂ ಬೆಂಕಿಯ ಭಯವಿದೆ, ಇಲಿ-ಹುಳುಗಳ ಕಾಟವೂ ಇದೆ. ಇದನ್ನೆಲ್ಲ ಮನೆಯವರೇ ಹೇಳುತ್ತಾರೆ. ಅದಕ್ಕೇ ಅವರು ಜೊತೆಗಿರಬೇಕು.

ಈಗ ಮುಖ್ಯವಾದದ್ದು, ಪ್ರೋಟೋಟೈಪ್. ಸಣ್ಣ ಖರ್ಚಿನಲ್ಲಿ ಮಾಡಿನೋಡುವ ಮಾದರಿ ಎಂದರ್ಥ. ಹೆಚ್ಚು ಕಡಿಮೆ ಒಂದೇ ಅಳತೆಯ, ಒಂದೇ ದಿಕ್ಕಿಗೆ ಮುಖ ಮಾಡಿದ ಮೂರು ಮನೆ ಆರಿಸಿ. ಒಂದಕ್ಕೆ ಬಿಳಿ ಲೇಪನ. ಒಂದಕ್ಕೆ ಸೋಗೆ ಅಥವಾ ತಟ್ಟಿ. ಮೂರನೆಯದನ್ನು ಇದ್ದ ಹಾಗೆಯೇ ಬಿಡಿ. ಏಕೆ ಬಿಡಬೇಕು? ಒಂದು ದಿನ ಮೋಡ ಮುಚ್ಚಿದರೆ ಎಲ್ಲ ಮನೆಯೂ ತಂಪಾಗುತ್ತದೆ, ಅದು ಬಣ್ಣದ ಗುಣ ಎಂದುಕೊಳ್ಳುವ ಅಪಾಯವಿದೆ. ಮುಟ್ಟದ ಮನೆಯೊಂದಿಗೆ ಹೋಲಿಸಿದರೆ ಮಾತ್ರ ನಿಜ ತಿಳಿಯುತ್ತದೆ. ಮೂರೂ ಮನೆಯಲ್ಲಿ ಒಂದೇ ಬಗೆಯ ಥರ್ಮಾಮೀಟರನ್ನು ಎದೆಮಟ್ಟದಲ್ಲಿ, ಒಲೆ ಮತ್ತು ಬಿಸಿಲಿನಿಂದ ದೂರ ನೇತುಹಾಕಿ. ಮಧ್ಯಾಹ್ನ ಎರಡಕ್ಕೆ, ರಾತ್ರಿ ಒಂಬತ್ತಕ್ಕೆ ಹೈಸ್ಕೂಲ್ ಮಕ್ಕಳು ಬರೆದಿಡಲಿ. ಎರಡು ವಾರ ಸಾಕು.

ಅಂಕಿಯ ಜೊತೆ ಅನುಭವವನ್ನೂ ಕೇಳಿ. ಮಗು ಮಲಗಿತೇ? ಬೆಳ್ಳಗಿನ ಚಾವಣಿಯ ಪ್ರಖರ ಬೆಳಕು ಎದುರು ಮನೆಯವರ ಕಣ್ಣಿಗೆ ಹೊಡೆಯಿತೇ? ಕೋತಿಗಳು ಸೋಗೆ ಕಿತ್ತವೇ?

ಬಿಳಿ ಲೇಪನದಿಂದ ಎಷ್ಟು ತಂಪಾಗಬಹುದು ಎಂಬ ಪ್ರಶ್ನೆ ಸಹಜ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿ ಅನೇಕರ ಜೀವ ತೆಗೆದ ಮೇಲೆ, 2013ರಲ್ಲಿ ಆ ನಗರ ಸೆಕೆಗೆಂದೇ ಕಾರ್ಯಯೋಜನೆ ಮಾಡಿತು. ಅಲ್ಲಿ ಬಿಳಿ ಚಾವಣಿಯಿಂದ ಒಳಗಿನ ಉಷ್ಣತೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂದು ಹೇಳುತ್ತಾರೆ. ಅದೇ ನಗರದ ಮಹಿಳಾ ಹೌಸಿಂಗ್ ಟ್ರಸ್ಟ್ ಬಡ ಬಡಾವಣೆಯ ಹೆಂಗಸರಿಗೇ ತರಬೇತಿ ಕೊಟ್ಟು, ಯಾವ ಮನೆಗೆ ಯಾವ ಕಷ್ಟ ಎಂಬ ಸಮೀಕ್ಷೆಯನ್ನು ಅವರಿಂದಲೇ ಮಾಡಿಸಿತು. ಬಿಳಿ ಬಣ್ಣವೊಂದನ್ನೇ ನೆಚ್ಚದೆ ಬೇರೆ ಬೇರೆ ಬಗೆಯ ಚಾವಣಿಗಳನ್ನೂ ಮಾಡಿ ನೋಡಿತು. ನನ್ನ ಮಟ್ಟಿಗೆ ಇಡೀ ದೇಶದಲ್ಲಿ ರಾಗಿಗುಡ್ಡ ಕಲಿಯಬಹುದಾದ ಹತ್ತಿರದ ಮಾದರಿ ಅದು. ಆದರೆ ಅಹಮದಾಬಾದಿನದು ಒಣ ಸೆಕೆ, ನಮ್ಮದು ಮಲೆನಾಡಿನ ಅಂಚು. ಸುಣ್ಣ ಬಳಿದರೆ ಮೊದಲ ಮಳೆಗಾಲಕ್ಕೇ ತೊಳೆದುಹೋಗಬಹುದು, ತಗಡಿನ ಮೇಲಂತೂ ಸರಿಯಾಗಿ ಹಿಡಿಯುವುದೂ ಇಲ್ಲ. ಆದ್ದರಿಂದ ಅಲ್ಲಿನ ಅಂಕಿಯನ್ನು ನಂಬಿ ಕೂರದೆ ಇಲ್ಲಿ ಅಳೆಯಿರಿ.

ಎರಡು ಎಚ್ಚರಿಕೆ. ಶೀಟಿನ ಮೇಲೆ ನೇರವಾಗಿ ಕಾಲಿಡಬೇಡಿ, ಮುರಿದು ಬಿದ್ದು ಪ್ರಾಣ ಕಳೆದುಕೊಂಡವರಿದ್ದಾರೆ. ತೊಲೆಯ ನೇರಕ್ಕೆ ಹಲಗೆ ಹಾಕಿ ಅದರ ಮೇಲೆ ನಡೆಯಿರಿ. ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಒಣಗಿದ್ದಾಗ ಉಜ್ಜಿದರೆ ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ನೀರು ಹನಿಸಿ, ಮೂಗು-ಬಾಯಿ ಮುಚ್ಚಿಕೊಂಡು ಮೆಲ್ಲಗೆ ತೊಳೆಯಿರಿ.

ಮಳೆಗಾಲಕ್ಕೂ ಇದೇ ಕ್ರಮವೇ?

ಹೌದು. ಅದಕ್ಕೆ ಶಿವಮೊಗ್ಗದಲ್ಲೇ ಒಂದು ಒಳ್ಳೆಯ ಪಾಠವಿದೆ. ಗಾಜನೂರಿನ ತುಂಗಾ ಅಣೆಕಟ್ಟೆಯಿಂದ ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಟ್ಟರು ಎಂಬ ಸುದ್ದಿ ಪ್ರತಿ ಮಳೆಗಾಲ ಬರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಇದರಿಂದ ನಿಮ್ಮ ಬೀದಿಗೆ ನೀರು ಬರುತ್ತದೋ ಇಲ್ಲವೋ ತಿಳಿಯುತ್ತದೆಯೇ? ಇಲ್ಲ. ಆದರೆ ‘ಕೋರ್ಪಲಯ್ಯ ಛತ್ರದ ಹತ್ತಿರ ಹೊಳೆಯ ಮಂಟಪ ಮುಳುಗಿತು’ ಎಂದರೆ ಊರಿನ ಮಗುವಿಗೂ ಅರ್ಥವಾಗುತ್ತದೆ. ಭದ್ರಾವತಿಯವರು ಹೊಸ ಸೇತುವೆಯ ಮೇಲೆ ನೀರು ಬಂತೇ ಎಂದು ನೋಡುವುದೂ ಹೀಗೆಯೇ. ಜನ ತಮ್ಮ ಕಣ್ಣಳತೆಗೆ ಸಿಗುವ ಗುರುತು ಇಟ್ಟುಕೊಂಡಿದ್ದಾರೆ. 2019ರ ಆಗಸ್ಟಿನಲ್ಲಿ ನಗರದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ ಇಂಥ ಗುರುತಿನ ಬೆಲೆ ಗೊತ್ತು.

ಗುಡ್ಡದ ಬಡಾವಣೆಗೆ ಹೊಳೆಯ ಮಂಟಪ ಉಪಯೋಗವಾಗದು, ಇಲ್ಲಿ ನೀರು ಮೇಲಿನಿಂದ ಬರುತ್ತದೆ. ಹಾಗಾದರೆ ನಿಮ್ಮದೇ ಗುರುತು ಮಾಡಿಕೊಳ್ಳಿ. ಮೇಲಿನ ತಿರುವಿನ ಮೋರಿಯ ಗೋಡೆಗೆ ಹಳದಿ, ಕೆಂಪು ಪಟ್ಟಿ ಬಳಿಯಿರಿ. ನೀರು ಹಳದಿ ಮುಟ್ಟಿದರೆ ಕೆಳಗಿನ ಮನೆಯವರು ಅಕ್ಕಿ, ಮಕ್ಕಳ ಪುಸ್ತಕ, ಆಧಾರ್ ಕಾಗದ ಮೇಲಿಡಬೇಕು. ಕೆಂಪು ಮುಟ್ಟಿದರೆ ವೃದ್ಧರನ್ನು ಕರೆದುಕೊಂಡು ಮೇಲಿನ ಮನೆಗೆ ಹೋಗಬೇಕು. ಪಟ್ಟಿ ಎಷ್ಟು ಎತ್ತರಕ್ಕೆ ಬೇಕು ಎಂಬುದನ್ನು ಹಿಂದಿನ ಮಳೆಯಲ್ಲಿ ನೀರು ಕಂಡವರೇ ಹೇಳಬೇಕು. ಯಾರು ಯಾರಿಗೆ ಫೋನ್ ಮಾಡುವುದು ಎಂಬುದನ್ನೂ ಮೊದಲೇ ನಿಗದಿ ಮಾಡಿ, ಬೇಸಿಗೆಯಲ್ಲೇ ಒಮ್ಮೆ ಅಭ್ಯಾಸ ಮಾಡಿ. ಇದಕ್ಕೆ ಒಂದು ಡಬ್ಬಿ ಬಣ್ಣದ ಖರ್ಚು.

ಕೇಳಿದರೆ ಜನ ಎ.ಸಿ. ಕೇಳುವುದಿಲ್ಲವೇ?

ಕೇಳಬಹುದು. ಆಗ ಬೈಯಬೇಡಿ, ಏಕೆ ಎಂದು ಇನ್ನೊಂದು ಪ್ರಶ್ನೆ ಕೇಳಿ. ‘ರಾತ್ರಿ ನಿದ್ದೆ ಬಂದರೆ ಬೆಳಿಗ್ಗೆ ಕೆಲಸಕ್ಕೆ ಹೋಗಬಹುದು’ ಎನ್ನುತ್ತಾರೆ. ಬೇಕಾಗಿರುವುದು ನಿದ್ದೆ ಎಂದು ಗೊತ್ತಾದ ಮೇಲೆ ಅದಕ್ಕೆ ಹತ್ತು ದಾರಿ ಇವೆ.

ಸೋಲಾರ್ ವಿಷಯದಲ್ಲೂ ಹೀಗೆ ಕೇಳಿಕೊಳ್ಳಿ. 2024ರಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟ್ ಹಾಗೂ ಅದಕ್ಕಿಂತ ಹೆಚ್ಚಿಗೆ ಒಟ್ಟು 78,000 ರೂಪಾಯಿ ಕೇಂದ್ರದ ಸಹಾಯಧನ ಇದೆ. ಒಳ್ಳೆಯ ಯೋಜನೆ. ಆದರೆ ಸ್ವಂತ, ಗಟ್ಟಿ ಚಾವಣಿ ಇರಬೇಕು. ಬಾಡಿಗೆಯವರಿಗೆ, ಶೀಟಿನ ಮನೆಯವರಿಗೆ ಅದು ಕೈಗೆಟುಕುವುದು ಕಷ್ಟ. 2023ರಿಂದ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಒಳಗಿನ ಹೆಚ್ಚಿನವರಿಗೆ ಬಿಲ್ಲೇ ಇಲ್ಲದಿರುವಾಗ, ಅಂಥ ಮನೆಯವರು ಸಾಲ ಮಾಡಿ ಸೋಲಾರ್ ಹಾಕಿಸಲು ಹಿಂದೇಟು ಹಾಕಿದರೆ ಅದು ಅರಿವಿನ ಕೊರತೆಯಲ್ಲ, ಸರಿಯಾದ ಲೆಕ್ಕ.

ಬಾಡಿಗೆ ಮನೆಯವರು ಚಾವಣಿ ಮುಟ್ಟುವ ಮೊದಲು ಮಾಲೀಕರನ್ನು ಮಾತುಕತೆಗೆ ಕೂರಿಸಿಕೊಳ್ಳಿ. ಖರ್ಚಿನಲ್ಲಿ ಪಾಲು, ಮುಂದಿನ ಎರಡು ವರ್ಷ ಇದರ ನೆಪದಲ್ಲಿ ಬಾಡಿಗೆ ಏರಿಸದಿರುವುದು, ಎರಡನ್ನೂ ಬರೆದುಕೊಳ್ಳಿ.

ಖರ್ಚು ಎಷ್ಟು, ಎಲ್ಲಿಗೆ ಹೋಗಬೇಕು?

ಕೇಳುವುದಕ್ಕೆ, ಯೋಚಿಸುವುದಕ್ಕೆ ಸಮಯ ಬೇಕು, ದುಡ್ಡು ಬೇಡ. ಗೋಡೆಗೆ ಹಾಕುವ ಸಾಧಾರಣ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಚಾವಣಿಯ ಬಿಳಿ ಲೇಪನದ ಬೆಲೆ ಕಂಪನಿಗೆ ತಕ್ಕಂತೆ ಬದಲಾಗುತ್ತದೆ. ಚದರ ಅಡಿಗೆ 15 ರೂಪಾಯಿ ಬಿದ್ದರೆ 300 ಚದರ ಅಡಿಯ ಚಾವಣಿಗೆ 4,500 ರೂಪಾಯಿ. ಕೂಲಿ ಬೇರೆ. ಅಂಗಡಿಯಲ್ಲಿ ಒಂದು ಡಬ್ಬಿ ಎಷ್ಟು ಚದರ ಅಡಿಗೆ, ಎಷ್ಟು ಸಲ ಬಳಿಯಬೇಕು, ತಗಡಿನ ಮೇಲೆ ಹಿಡಿಯುತ್ತದೆಯೇ ಎಂದು ಮೂರನ್ನೂ ಕೇಳಿ. ಸ್ತ್ರೀಶಕ್ತಿ ಅಥವಾ ಸ್ವಸಹಾಯ ಸಂಘದ ಒಳಸಾಲದಿಂದ ಇಷ್ಟು ಹೊಂದಿಸಬಹುದು. ಕಂತು ವಾರಕ್ಕೋ ದಿನಕ್ಕೋ ಎಂಬುದನ್ನು ಸಾಲಗಾರರೇ ಹೇಳಲಿ.

ಮೂರು ಮನೆಯ ಪ್ರಯೋಗ ನಿಮ್ಮ ಕೈಯಿಂದ ಆಗುತ್ತದೆ. ಇಡೀ ಸಾಲಿಗೆ ಮಾಡುವಾಗ ಸರ್ಕಾರದ ಹಣ ಕೇಳಿ, ಅದು ನಿಮ್ಮ ಹಕ್ಕು. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ. 24.10ನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 7.25ನ್ನು ಇತರ ಬಡವರಿಗೆ, ಶೇ. 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ಈ ಬಾಬ್ತಿನಲ್ಲಿ ನಿಮ್ಮ ಕೆಲಸ ಸೇರುತ್ತದೆಯೇ ಎಂದು ಮಹಾನಗರ ಪಾಲಿಕೆಯಲ್ಲಿ, ಭದ್ರಾವತಿಯಾದರೆ ನಗರಸಭೆಯಲ್ಲಿ ಕೇಳಿ. ಘೋಷಿತ ಕೊಳಗೇರಿಯಾಗಿದ್ದರೆ ಕೊಳಗೇರಿ ಅಭಿವೃದ್ಧಿ ಮಂಡಳಿಗೂ ಅರ್ಜಿ ಹಾಕಬಹುದು. ಅಳೆಯುವ ಕೆಲಸಕ್ಕೆ ಕಾಲೇಜಿನವರ ನೆರವು ಕೇಳಿ. ನಗರದ ಜವಾಹರಲಾಲ್ ನೆಹರೂ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಪ್ರಾಜೆಕ್ಟಿಗೆ ವಿಷಯ ಬೇಕಿರುತ್ತದೆ. ಮಳೆ ಜೋರಾದಾಗ ಜಿಲ್ಲಾ ವಿಪತ್ತು ಸಹಾಯವಾಣಿ 1077.

ಅರ್ಜಿಯ ಜೊತೆ ನಿಮ್ಮ ಎರಡು ವಾರದ ಅಂಕಿಪಟ್ಟಿ, ಮೂರು ಮನೆಯ ಫೋಟೊ, ಪ್ರತಿ ಮನೆಯವರ ಸಹಿ ಲಗತ್ತಿಸಿ. ಬರೀ ‘ಸೆಕೆ ತಡೆಯಲಾಗುತ್ತಿಲ್ಲ’ ಎಂಬ ಮನವಿಗೂ ‘ಈ ಮನೆಯಲ್ಲಿ ಇಷ್ಟು ಡಿಗ್ರಿ, ಆ ಮನೆಯಲ್ಲಿ ಇಷ್ಟು’ ಎಂಬ ಮನವಿಗೂ ಕಚೇರಿಯಲ್ಲಿ ಸಿಗುವ ತೂಕ ಬೇರೆ. ಸ್ವೀಕೃತಿ ಪತ್ರ ಪಡೆಯದೆ ಬರಬೇಡಿ. ಪಾಲಿಕೆ, ನಗರಸಭೆಯ ಬಜೆಟ್ ಏಪ್ರಿಲ್‌ಗೆ ಮೊದಲು ಸಿದ್ಧವಾಗುತ್ತದೆ. ಹಾಗಾಗಿ ಈ ಬೇಸಿಗೆಯಲ್ಲಿ ಅಳೆದದ್ದನ್ನು ಡಿಸೆಂಬರ್-ಜನವರಿಯ ಬಜೆಟ್ ಪೂರ್ವಭಾವಿ ಸಭೆಗೆ ಒಯ್ದರೆ, ಮುಂದಿನ ಬೇಸಿಗೆಯ ಹೊತ್ತಿಗೆ ಹಣ ಕೇಳಲು ದಾರಿ ಆಗುತ್ತದೆ.